ನಡೆಯದ ಗೆಲುವಿನ ಪದಕ

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಹಿತ್ತಾಳೆಯ ಬಿಲ್ಲೆ. ಅಗಲ ಸುಮಾರು 37–38 ಮಿಲಿಮೀಟರ್. ಅದರ ಮುಂಬದಿಯಲ್ಲಿ ಉದ್ದನೆಯ ಕೋಟು ತೊಟ್ಟ ಇಂಗ್ಲಿಷ್ ನೌಕಾಧಿಪತಿಯೊಬ್ಬನು ನಿಂತಿದ್ದಾನೆ; ಅವನೆದುರು ಇನ್ನೊಬ್ಬನು ಮಂಡಿಯೂರಿ ತನ್ನ ಖಡ್ಗವನ್ನು ಒಪ್ಪಿಸುತ್ತಿದ್ದಾನೆ. ಸುತ್ತಲಿನ ಬರಹದ ಪ್ರಕಾರ, ಸ್ಪೇನಿನ ಗರ್ವವನ್ನು ಅಡ್ಮಿರಲ್ ವರ್ನನ್ ಮುರಿದನು. ಮಂಡಿಯೂರಿದವನ ಹೆಸರು ಡಾನ್ ಬ್ಲಾಸ್ ಎಂದು ಕೆಳಗೆ ಕೊರೆಯಲಾಗಿದೆ. ಹಿಂಬದಿಯಲ್ಲಿ ಹಡಗುಗಳು, ಬಂದರು, ಕೋಟೆ. ಜೊತೆಗೆ, ನಿಜವಾದ ಬ್ರಿಟಿಷ್ ವೀರರು 1741ರ ಏಪ್ರಿಲ್ 1ರಂದು ಕಾರ್ಟಜೀನಾ ನಗರವನ್ನು ಗೆದ್ದರು ಎಂಬ ಘೋಷಣೆ. ಹೆಸರು, ಸ್ಥಳ, ದಿನಾಂಕ, ಚಿತ್ರ ಎಲ್ಲವೂ ಇರುವ ಸಮಕಾಲೀನ ದಾಖಲೆಯಿದು. ಇತಿಹಾಸದ ವಿದ್ಯಾರ್ಥಿ ಆಧಾರವೊಂದರಿಂದ ಅಪೇಕ್ಷಿಸುವ ಲಕ್ಷಣಗಳೆಲ್ಲ ಇದರಲ್ಲಿವೆ. ಕೊರತೆ ಒಂದೇ: ಬ್ರಿಟಿಷರು ಆ ವರ್ಷ ಕಾರ್ಟಜೀನಾವನ್ನು ಗೆಲ್ಲಲಿಲ್ಲ.

ಹಳೆಯ ಸ್ಮಾರಕ ಪದಕವೊಂದನ್ನು ಗುರುತಿಸುವುದು ಮತ್ತು ಅದರ ಬೆಲೆಯನ್ನು ನಿರ್ಣಯಿಸುವುದು ಸಾಮಾನ್ಯವಾಗಿ ಸಂಗ್ರಾಹಕರ ಕೆಲಸವೆಂದು ಭಾವಿಸಲಾಗಿದೆ. ಲೋಹ ಯಾವುದು, ಅಚ್ಚು ಯಾವುದು, ಎಷ್ಟು ಸವೆದಿದೆ, ಹರಾಜಿನಲ್ಲಿ ಎಷ್ಟು ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ಅವರ ಕಾರ್ಯ ಮುಗಿಯಿತು. ಆದರೆ ವರ್ನನ್ ಪದಕಗಳ ವಿಷಯದಲ್ಲಿ ಈ ಪ್ರಶ್ನೆಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಅಸಲಿಯಾದ ವಸ್ತುವೊಂದು ಸುಳ್ಳನ್ನು ಹೇಳಬಲ್ಲದು ಎಂಬುದಕ್ಕೆ ಇವಕ್ಕಿಂತ ಸ್ಪಷ್ಟವಾದ ಉದಾಹರಣೆಗಳು ವಿರಳ.

ಎಡ್ವರ್ಡ್ ವರ್ನನ್ (1684–1757) ಬ್ರಿಟಿಷ್ ನೌಕಾಪಡೆಯ ಅಧಿಕಾರಿ. ಸಂಸತ್ತಿನಲ್ಲಿ ಪ್ರಧಾನಿ ರಾಬರ್ಟ್ ವಾಲ್ಪೋಲನ ವಿರೋಧಿ. ಕೆರಿಬಿಯನ್ ಸಮುದ್ರದ ವ್ಯಾಪಾರಕ್ಕಾಗಿ ಬ್ರಿಟನ್ನಿಗೂ ಸ್ಪೇನಿಗೂ ಬಹುಕಾಲದಿಂದ ಇದ್ದ ವೈಮನಸ್ಯವು 1739ರಲ್ಲಿ ಯುದ್ಧವಾಗಿ ಪರಿಣಮಿಸಿತು. ರಾಬರ್ಟ್ ಜೆಂಕಿನ್ಸ್ ಎಂಬ ನಾವಿಕನ ಕಿವಿಯನ್ನು 1731ರಲ್ಲಿ ಸ್ಪೇನಿನ ಕಾವಲು ಹಡಗಿನವರು ಕತ್ತರಿಸಿದರೆಂಬ ಪ್ರಕರಣದಿಂದಾಗಿ ಅದಕ್ಕೆ 'ಜೆಂಕಿನ್ಸನ ಕಿವಿಯ ಯುದ್ಧ' ಎಂಬ ವಿಚಿತ್ರವಾದ ಹೆಸರು ಮುಂದೆ ಅಂಟಿಕೊಂಡಿತು. ಪನಾಮಾ ಕರಾವಳಿಯ ಪೋರ್ಟೊ ಬೆಲ್ಲೊ ಬಂದರನ್ನು ಗೆಲ್ಲಲು ಆರೇ ಹಡಗುಗಳು ಸಾಕೆಂದು ವರ್ನನ್ ಸಾರಿದ್ದನೆಂಬ ಮಾತು ಪ್ರಸಿದ್ಧ. 1739ರ ನವೆಂಬರಿನಲ್ಲಿ ಅವನು ಆರು ಯುದ್ಧನೌಕೆಗಳೊಡನೆ ಹೋಗಿ ಅಲ್ಪಾವಧಿಯಲ್ಲಿಯೇ ಆ ಬಂದರನ್ನು ವಶಪಡಿಸಿಕೊಂಡು, ಅದರ ಕೋಟೆಗಳನ್ನು ಕೆಡವಿ ಹಿಂದಿರುಗಿದನು.

1740ರ ಮಾರ್ಚಿನಲ್ಲಿ ಈ ಸುದ್ದಿ ಲಂಡನ್ನನ್ನು ತಲುಪಿದಾಗ ಉಕ್ಕಿದ ಸಂಭ್ರಮಕ್ಕೆ ಎಲ್ಲೆಯೇ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅವನ ಹುಟ್ಟುಹಬ್ಬವನ್ನು ಊರೂರುಗಳಲ್ಲಿ ದೀಪ ಬೆಳಗಿ ಆಚರಿಸಿದರು. ಹೆಂಡದಂಗಡಿಗಳ ಫಲಕಗಳ ಮೇಲೆ ಅವನ ಮುಖ ಕಾಣಿಸಿಕೊಂಡಿತು. ಲಂಡನ್ನಿನ ಇಂದಿನ ಪೋರ್ಟೊಬೆಲ್ಲೊ ರಸ್ತೆ ಮತ್ತು ಎಡಿನ್‌ಬರೊ ನಗರದ ಪೋರ್ಟೊಬೆಲ್ಲೊ ಬಡಾವಣೆ ಆ ಗೆಲುವಿನ ನೆನಪನ್ನೇ ಹೊತ್ತಿವೆ. ಈ ಸಂಭ್ರಮವೇ ಪದಕಗಳ ಪ್ರವಾಹಕ್ಕೆ ಕಾರಣವಾಯಿತು.

ಇಲ್ಲಿ ಗಮನಿಸಬೇಕಾದ ಮೊದಲನೆಯ ಅಂಶ, ಇವು ರಾಜಾಜ್ಞೆಯಿಂದ ಟಂಕಿಸಿದ ಪದಕಗಳಲ್ಲ ಎಂಬುದು. ಯೋಧರಿಗೆ ಸರ್ಕಾರವು ಕೊಟ್ಟ ಬಿರುದೂ ಅಲ್ಲ. ಖಾಸಗಿ ಕುಶಲಕರ್ಮಿಗಳು ಲಾಭಕ್ಕಾಗಿ ತಯಾರಿಸಿ ಬೀದಿಯಲ್ಲಿ ಮಾರಿದ ಸರಕು ಇವು. ಹೆಚ್ಚಿನವುಗಳ ಮೇಲೆ ತಯಾರಕನ ಹೆಸರಿಲ್ಲ. ಬೆಳ್ಳಿಯ ಪದಕವನ್ನು ಕೊಳ್ಳಲಾರದ ಸಾಮಾನ್ಯನಿಗಾಗಿ ಅಗ್ಗದ ಲೋಹವನ್ನು ಆರಿಸಿಕೊಳ್ಳಲಾಯಿತು. ತಾಮ್ರಕ್ಕೆ ಸತುವನ್ನು ಬೆರೆಸಿದ, ಹೊಸದಾಗಿದ್ದಾಗ ಚಿನ್ನದಂತೆ ಹೊಳೆಯುವ ಮಿಶ್ರಲೋಹವದು. ಆ ಬಗೆಯ ಲೋಹವನ್ನು ಬಳಕೆಗೆ ತಂದ ಲಂಡನ್ನಿನ ಗಡಿಯಾರ ತಯಾರಕ ಕ್ರಿಸ್ಟೋಫರ್ ಪಿಂಚ್‌ಬೆಕ್‌ನ ಹೆಸರಿನಿಂದ ಅದನ್ನು 'ಪಿಂಚ್‌ಬೆಕ್' ಎಂದೇ ಕರೆದರು. ಕಾಲಾಂತರದಲ್ಲಿ ಇಂಗ್ಲಿಷಿನಲ್ಲಿ ಆ ಪದಕ್ಕೆ 'ನಕಲಿ ಥಳಕಿನ ವಸ್ತು' ಎಂಬ ಅರ್ಥವೂ ಬಂದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಲೋಹಕ್ಕೂ ಅನ್ವಯಿಸಬಹುದು, ಬರಹಕ್ಕೂ ಅನ್ವಯಿಸಬಹುದು.

ವರ್ನನ್ ಪದಕವನ್ನು ಗುರುತಿಸುವ ಕ್ರಮವು ಶಾಸನವನ್ನು ಓದುವ ಕ್ರಮಕ್ಕಿಂತ ಬಹಳ ಭಿನ್ನವಲ್ಲ. ಮೊದಲು ಬರಹವನ್ನು ಇದ್ದಂತೆಯೇ, ಒಂದು ಅಕ್ಷರವನ್ನೂ ತಿದ್ದದೆ ನಕಲು ಮಾಡಿಕೊಳ್ಳಬೇಕು. ಈ ಪದಕಗಳಲ್ಲಿ ಕಾಗುಣಿತದ ತಪ್ಪುಗಳು ಹೇರಳ. ಕಾರ್ಟಜೀನಾ ಎಂಬ ಹೆಸರೇ ಬೇರೆ ಬೇರೆ ಅಚ್ಚುಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಕೆಲವು ಅಕ್ಷರಗಳು ತಿರುಗುಮುರುಗಾಗಿವೆ. ಓದುಗನು ಅವುಗಳನ್ನು ಮನಸ್ಸಿನಲ್ಲಿಯೇ ತಿದ್ದಿಕೊಂಡು ಓದಿದರೆ ಗುರುತಿಸುವ ದಾರಿಯೇ ತಪ್ಪುತ್ತದೆ. ಏಕೆಂದರೆ ಒಂದು ಅಚ್ಚನ್ನು ಇನ್ನೊಂದರಿಂದ ಬೇರ್ಪಡಿಸುವುದು ಆ ತಪ್ಪುಗಳೇ. ಬರಹದ ಬಳಿಕ ಚಿತ್ರದ ವಿವರಗಳು ಬರುತ್ತವೆ. ನೌಕಾಧಿಪತಿಯ ಆಕೃತಿ ಪೂರ್ಣವೋ ಅರ್ಧವೋ, ಕೈಯಲ್ಲಿರುವುದು ಖಡ್ಗವೋ ದಂಡವೋ, ಪಕ್ಕದಲ್ಲಿ ಫಿರಂಗಿ ಇದೆಯೋ ಇಲ್ಲವೋ, ಹಿಂಬದಿಯ ಹಡಗುಗಳು ಎಷ್ಟು, ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನೆಲ್ಲ ಎಣಿಸಿ ಬರೆದುಕೊಳ್ಳಬೇಕು. ಪ್ರಭೇದಗಳು ನೂರನ್ನು ಮೀರುವುದರಿಂದ ಈ ಎಣಿಕೆ ಅನಿವಾರ್ಯ.

ಈ ಶ್ರಮವನ್ನು ವಿದ್ವಾಂಸರು ಹಿಂದೆಯೇ ಕೈಗೊಂಡಿದ್ದಾರೆ. ಹಾಕಿನ್ಸ್, ಫ್ರಾಂಕ್ಸ್ ಮತ್ತು ಗ್ರೂಬರ್ ಅವರ ಹೆಸರಿನಲ್ಲಿ 1885ರಲ್ಲಿ ಪ್ರಕಟವಾದ ಬ್ರಿಟಿಷ್ ಪದಕಗಳ ಬೃಹತ್ ಸೂಚಿಯಲ್ಲಿ ವರ್ನನ್ ಪದಕಗಳು ಅನೇಕ ಪುಟಗಳನ್ನು ಆಕ್ರಮಿಸಿವೆ. ಅಮೆರಿಕದ ವಸಾಹತು ಕಾಲದ ಪದಕಗಳನ್ನು ಕುರಿತ ಬೆಟ್ಸ್‌ನ 1894ರ ಗ್ರಂಥವೂ ಅವುಗಳಿಗೆ ಕ್ರಮಸಂಖ್ಯೆ ನೀಡಿತು. ಜಾನ್ ಆಡಮ್ಸ್ ಮತ್ತು ಫರ್ನಾಂಡೊ ಚಾವೊ ಎಂಬವರು 2010ರಲ್ಲಿ ಪ್ರಕಟಿಸಿದ ಗ್ರಂಥವಂತೂ ವರ್ನನ್ ಪದಕಗಳಿಗೇ ಮೀಸಲು. ಕೈಯಲ್ಲಿರುವ ಪದಕವನ್ನು ಈ ಸೂಚಿಗಳ ವಿವರದೊಡನೆ ತಾಳೆ ನೋಡಿ ಅದರ ಸಂಖ್ಯೆಯನ್ನು ನಿರ್ಣಯಿಸಿದಾಗ ಮಾತ್ರ ಗುರುತಿಸುವಿಕೆಯ ಮೊದಲ ಹಂತ ಪೂರ್ಣವಾಗುತ್ತದೆ.

ಎರಡನೆಯ ಹಂತ ವಸ್ತುವಿನ ಪರೀಕ್ಷೆ. ಅಚ್ಚಿನ ಪೆಟ್ಟಿನಿಂದ ಟಂಕಿಸಿದ ಪದಕದಲ್ಲಿ ಅಕ್ಷರಗಳ ಅಂಚು ಚುರುಕಾಗಿರುತ್ತದೆ, ಬಯಲು ನಯವಾಗಿರುತ್ತದೆ. ಅಸಲಿ ಪದಕದಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿರುತ್ತವೆ. ಬಯಲಿನಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಅಂಚಿನ ಸುತ್ತ ಎರಕದ ಬೆಸುಗೆಗೆರೆ ಉಳಿದಿರಬಹುದು ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರಬಹುದು. ಲೋಹ ಆರುವಾಗ ಕುಗ್ಗುವುದರಿಂದ ಎರಕದ ನಕಲು ಮೂಲಕ್ಕಿಂತ ತುಸು ಚಿಕ್ಕದಾಗಿರುವುದೂ ಉಂಟು. ಅಯಸ್ಕಾಂತಕ್ಕೆ ಅಂಟಿದರೆ ಅದು ಹಿತ್ತಾಳೆಯ ಲೇಪ ಹೊದ್ದ ಕಬ್ಬಿಣ. ಪದಕದ ನೆತ್ತಿಯಲ್ಲಿ ರಂಧ್ರವಿದ್ದರೆ ಯಾರೋ ಅದನ್ನು ದಾರಕ್ಕೆ ಪೋಣಿಸಿ ಧರಿಸಿದ್ದರೆಂದು ಊಹಿಸಬಹುದು. ಸಂಗ್ರಾಹಕನ ದೃಷ್ಟಿಯಲ್ಲಿ ಆ ರಂಧ್ರ ಕುಂದು, ಅದರಿಂದ ಬೆಲೆ ಇಳಿಯುತ್ತದೆ. ಚರಿತ್ರಕಾರನ ದೃಷ್ಟಿಯಲ್ಲಿ ಆ ಪದಕವನ್ನು ಎದೆಯ ಮೇಲೆ ತೂಗಿಸಿಕೊಂಡು ಹೆಮ್ಮೆಪಟ್ಟ ಮನುಷ್ಯನ ಕುರುಹು ಅದೊಂದೇ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಿತ್ತಾಳೆಯನ್ನು ಕಂಡೊಡನೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ದಕ್ಷಿಣ ಭಾರತದ ಮನೆಗಳ ಸಹಜವಾದ ಅಭ್ಯಾಸ. ದೇವರ ಮನೆಯ ದೀಪಕ್ಕೆ ಅದು ಸರಿ. ಹಳೆಯ ಪದಕಕ್ಕೆ ಅದೇ ಮೃತ್ಯು. ಶತಮಾನಗಳಿಂದ ಮೇಲ್ಮೈಯಲ್ಲಿ ಕಟ್ಟಿಕೊಂಡ ಕಂದು ಪೊರೆಯನ್ನು ತಿಕ್ಕಿ ತೆಗೆದರೆ ಅದರೊಡನೆ ಅಕ್ಷರಗಳ ಚುರುಕೂ, ಮೂಲದ ಮುಲಾಮಿನ ಕುರುಹೂ ಹೋಗುತ್ತವೆ. ಮತ್ತೆ ಹೊಳೆಯುವ ಪದಕಕ್ಕೆ ಹರಾಜಿನಲ್ಲಿ ಹೊಳೆಯದ ಪದಕಕ್ಕಿಂತ ಕಡಿಮೆ ಬೆಲೆ. ಕಿಲುಬು ಹರಡುತ್ತಿದ್ದರೆ ಲೋಹರಕ್ಷಣೆಯ ತಜ್ಞರಿಗೆ ತೋರಿಸುವುದೇ ಕ್ಷೇಮ.

ಮೂರನೆಯ ಹಂತವೇ ಕಠಿಣವಾದದ್ದು. ಪದಕ ಹೇಳುವ ಸಂಗತಿ ನಿಜವೇ? ಪೋರ್ಟೊ ಬೆಲ್ಲೊ ಪದಕಗಳು 'ಆರೇ ಹಡಗುಗಳಿಂದ' ಎಂದು ಹೇಳುವುದು ನಿಜ. ಕಾರ್ಟಜೀನಾ ಪದಕಗಳ ಕಥೆ ಬೇರೆ. ಇಂದಿನ ಕೊಲಂಬಿಯಾದಲ್ಲಿರುವ ಆ ಬಂದರುನಗರದ ಮೇಲೆ 1741ರಲ್ಲಿ ಬ್ರಿಟನ್ ಮಹಾ ನೌಕಾಪಡೆಯೊಂದನ್ನು ಕಳುಹಿಸಿತು. ಸಮುದ್ರದ ಮೇಲೆ ವರ್ನನ್ ಅಧಿಪತಿ. ಭೂಸೇನೆಗೆ, ಲಾರ್ಡ್ ಕ್ಯಾತ್‌ಕಾರ್ಟ್ ದಾರಿಯಲ್ಲಿ ತೀರಿಕೊಂಡ ಕಾರಣ, ಜನರಲ್ ವೆಂಟ್‌ವರ್ತ್ ಅಧಿಪತಿ. ಇಬ್ಬರಿಗೂ ಹೊಂದಿಕೆಯಿರಲಿಲ್ಲ. ಬಂದರಿನ ಬಾಯಲ್ಲಿದ್ದ ಬೋಕಾಚಿಕಾ ಕೋಟೆ ಬಿದ್ದು ಹಡಗುಗಳು ಒಳಗಿನ ಕೊಲ್ಲಿಯನ್ನು ಪ್ರವೇಶಿಸಿದಾಗ, ನಗರವು ಇನ್ನೇನು ಕೈಸೇರಿತೆಂದು ವರ್ನನ್ ಸ್ವದೇಶಕ್ಕೆ ಬರೆದನು. ಆ ಪತ್ರವು ಮೇ ತಿಂಗಳಲ್ಲಿ ಲಂಡನ್ನಿಗೆ ಬಂದಿತು. 'ಇನ್ನೇನು' ಎಂಬ ಮಾತು ಬೀದಿಗೆ ಬರುವಷ್ಟರಲ್ಲಿ ಅಳಿಸಿಹೋಯಿತು. ಗಂಟೆಗಳು ಮೊಳಗಿದವು, ಪದಕ ತಯಾರಕರು ಅಚ್ಚು ಕೊರೆದರು.

ಈ ಸುಳ್ಳನ್ನು ಪದಕದ ದಿನಾಂಕದಿಂದಲೇ ಹಿಡಿಯಬಹುದು. ಬ್ರಿಟನ್ 1752ರವರೆಗೂ ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುತ್ತಿತ್ತು. ಅದು ಸ್ಪೇನಿನ ಗ್ರೆಗೋರಿಯನ್ ಪಂಚಾಂಗಕ್ಕಿಂತ ಹನ್ನೊಂದು ದಿನ ಹಿಂದೆ. ಶಕವರ್ಷವು ಗತವೋ ವರ್ತಮಾನವೋ ಎಂದು ನಿರ್ಣಯಿಸದೆ ಶಾಸನದ ಕಾಲವನ್ನು ಹೇಳಲಾಗದಂತೆ, ಇಲ್ಲಿಯೂ ಪಂಚಾಂಗ ಯಾವುದೆಂದು ತಿಳಿಯದೆ ಮುಂದುವರಿಯಲಾಗದು. ನಗರಕ್ಕೆ ಕಾವಲಾಗಿದ್ದ ಸಾನ್ ಲಾಸಾರೊ ಗುಡ್ಡದ ಕೋಟೆಯ ಮೇಲೆ ಬ್ರಿಟಿಷರು ಲಗ್ಗೆ ಹಾಕಿದ ದಿನ ಸ್ಪೇನಿನ ಲೆಕ್ಕದಲ್ಲಿ ಏಪ್ರಿಲ್ 20, ಬ್ರಿಟಿಷ್ ಲೆಕ್ಕದಲ್ಲಿ ಏಪ್ರಿಲ್ 9. ಎಂದರೆ, ಪದಕವು ನಗರವನ್ನು ಗೆದ್ದೆವೆಂದು ಹೇಳುವ ದಿನ ಆ ಲಗ್ಗೆಗೆ ಇನ್ನೂ ಎಂಟು ದಿನವಿತ್ತು. ಲಗ್ಗೆಯು ವಿಫಲವಾಯಿತು. ಮಳೆ ಮತ್ತು ಹಳದಿ ಜ್ವರ ಉಳಿದ ಕೆಲಸವನ್ನು ಪೂರೈಸಿದವು. ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ ಗಂಟೆಗಳು ಮೊಳಗುತ್ತಿದ್ದ ಸುಮಾರಿಗೆ, ಸೋತ ಹಡಗುಗಳು ಕಾರ್ಟಜೀನಾವನ್ನು ಬಿಟ್ಟು ಹೊರಡುತ್ತಿದ್ದವು.

ಚಿತ್ರವೂ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುತ್ತದೆ. ಮಂಡಿಯೂರಿದ ಡಾನ್ ಬ್ಲಾಸ್ ಎಂದರೆ ಕಾರ್ಟಜೀನಾವನ್ನು ರಕ್ಷಿಸಿದ ಸ್ಪೇನಿನ ನೌಕಾಧಿಪತಿ ಬ್ಲಾಸ್ ದೆ ಲೆಸೊ. ಅವನು 1704ರ ಯುದ್ಧದಲ್ಲಿ ಎಡಗಾಲನ್ನು ಕಳೆದುಕೊಂಡಿದ್ದನು. ಅನಂತರದ ಯುದ್ಧಗಳಲ್ಲಿ ಒಂದು ಕಣ್ಣು ಹೋಯಿತು, ಒಂದು ತೋಳು ನಿರುಪಯುಕ್ತವಾಯಿತು. ಪದಕದಲ್ಲಿ ಅವನಿಗೆ ಎರಡು ಕಾಲುಗಳಿವೆ! ಅಚ್ಚು ಕೊರೆದವನು ಅವನನ್ನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ಒಬ್ಬ ಸೋತ ಸ್ಪೇನಿಗ, ಅಷ್ಟೆ. ಮಂಡಿಯೂರಲು ಎರಡು ಕಾಲು ಬೇಕಲ್ಲವೇ ಎಂದು ಅವನು ಯೋಚಿಸಿದ್ದರೂ ಇರಬಹುದು. ಲೆಸೊ ಆ ವರ್ಷದ ಸೆಪ್ಟೆಂಬರಿನಲ್ಲಿ ಅದೇ ನಗರದಲ್ಲಿ ತೀರಿಕೊಂಡನು, ಯಾರಿಗೂ ಖಡ್ಗವನ್ನು ಒಪ್ಪಿಸದೆ.

ಆದರೂ ಕಾರ್ಟಜೀನಾ ಪದಕಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇನ್ನೊಂದು ಪ್ರಭೇದದ ಬರಹವು 'ಅಡ್ಮಿರಲ್ ವರ್ನನ್ ಕಾರ್ಟಜೀನಾ ಪಟ್ಟಣವನ್ನು ನೋಡುತ್ತಿರುವುದು' ಎಂದಷ್ಟೇ ಹೇಳಿ, ಹಿಂಬದಿಯಲ್ಲಿ 'ಕಾರ್ಟಜೀನಾದ ಕೋಟೆಗಳು ನಾಶವಾದವು' ಎಂದು ಸಾರುತ್ತದೆ. ಬಂದರಿನ ಹೊರಕೋಟೆಗಳು ನಾಶವಾದದ್ದು ನಿಜ. ವರ್ನನ್ ಪಟ್ಟಣವನ್ನು ನೋಡಿದ್ದೂ ನಿಜ, ನೋಡಿದ್ದಷ್ಟೇ ನಿಜ. ಈ ಪದಕದ ಅನಾಮಿಕ ತಯಾರಕನು ಪ್ರಾಮಾಣಿಕನೋ ಜಾಣನೋ ಹೇಳುವುದು ಕಷ್ಟ. ಆದರೆ ಒಂದೇ ಸುದ್ದಿಯಿಂದ ಒಬ್ಬನು ಜಯವನ್ನೂ ಇನ್ನೊಬ್ಬನು ವರದಿಯನ್ನೂ ಮಾಡಿದನೆಂಬುದು, ಪಾಠಾಂತರಗಳನ್ನು ಹೋಲಿಸುವವರಿಗೆ ಉಪೇಕ್ಷಿಸಲಾಗದ ಸಂಗತಿ.

ಸುಳ್ಳಿಗೆ ಕಾರಣ ಕೇವಲ ಅವಸರವಲ್ಲ, ರಾಜಕೀಯವೂ ಹೌದು. ವರ್ನನ್ನನ ಕೀರ್ತಿ ಬೆಳೆದಷ್ಟೂ ವಾಲ್ಪೋಲನ ಅಪಕೀರ್ತಿ ಬೆಳೆಯುತ್ತಿತ್ತು. ಅದೇ ಕಾಲದ, ಅದೇ ಅಗ್ಗದ ಲೋಹದ ಇನ್ನೊಂದು ಪದಕದಲ್ಲಿ ಸೈತಾನನು ವಾಲ್ಪೋಲನ ಕೊರಳಿಗೆ ಹಗ್ಗ ಹಾಕಿ ಬಾಯ್ದೆರೆದ ನರಕದೊಳಕ್ಕೆ ಎಳೆಯುತ್ತಿದ್ದಾನೆ. ಎಂದಮೇಲೆ ವೀರನ ಪದಕವು ವೀರನ ಕುರಿತು ಹೇಳುವುದಕ್ಕಿಂತ ಹೆಚ್ಚಾಗಿ, ಅದನ್ನು ಕೊಂಡವರು ಏನನ್ನು ನಂಬಲು ಹಾತೊರೆಯುತ್ತಿದ್ದರು ಎಂಬುದನ್ನು ಹೇಳುತ್ತದೆ.

ಆ ನಂಬಿಕೆಗೆ ತೆತ್ತ ಬೆಲೆಯನ್ನು ಯಾವ ಪದಕವೂ ಕೊರೆದಿಲ್ಲ. ಅದನ್ನು ಸಾಹಿತ್ಯವು ಬರೆದಿಟ್ಟಿತು. ಆ ದಂಡಯಾತ್ರೆಯಲ್ಲಿ ಶಸ್ತ್ರವೈದ್ಯನ ಸಹಾಯಕನಾಗಿ ಹಡಗಿನಲ್ಲಿದ್ದ ಟೋಬಿಯಾಸ್ ಸ್ಮಾಲೆಟ್ ಎಂಬ ತರುಣನು 1748ರಲ್ಲಿ 'ರಾಡರಿಕ್ ರ್‍ಯಾಂಡಮ್' ಕಾದಂಬರಿಯನ್ನು ಪ್ರಕಟಿಸಿದನು. ನೆಟ್ಟಗೆ ಕುಳಿತುಕೊಳ್ಳಲೂ ಎಡೆಯಿಲ್ಲದ ಆಸ್ಪತ್ರೆಯ ಹಡಗುಗಳು, ಶುಶ್ರೂಷೆಯಿಲ್ಲದೆ ಕೊಳೆಯುವ ಗಾಯಗಳು, ಬಂದರಿನ ನೀರಿಗೆ ಎಸೆದ ಹೆಣಗಳು ಅದರ ಕಾರ್ಟಜೀನಾ ಅಧ್ಯಾಯಗಳಲ್ಲಿವೆ. ಅಮೆರಿಕದ ವಸಾಹತುಗಳಿಂದ ಹೊರಟ ಸುಮಾರು ಮೂರೂವರೆ ಸಾವಿರ ಮಂದಿಯಲ್ಲಿ ಬಹುಪಾಲು ಜನ ಹಿಂದಿರುಗಲಿಲ್ಲ. ಹಿಂದಿರುಗಿದವರಲ್ಲೊಬ್ಬ ಲಾರೆನ್ಸ್ ವಾಷಿಂಗ್ಟನ್. ಅವನು ತನ್ನ ಎಸ್ಟೇಟಿಗೆ ಅಡ್ಮಿರಲನ ಹೆಸರಿನಿಂದ ಮೌಂಟ್ ವರ್ನನ್ ಎಂದು ಹೆಸರಿಟ್ಟನು. ಮುಂದೆ ಅದು ಅವನ ಮಲತಮ್ಮ ಜಾರ್ಜ್ ವಾಷಿಂಗ್ಟನ್ನನ ಮನೆಯಾಯಿತು. ಕಾದಂಬರಿಯನ್ನು ಕಲ್ಪನೆಯೆಂದು ಬದಿಗಿರಿಸಿ, ಪದಕವನ್ನು ಪುರಾವೆಯೆಂದು ಮುಂದಿಡುವ ರೂಢಿಯು ಈ ಒಂದು ಪ್ರಕರಣದಲ್ಲಾದರೂ ತಲೆಕೆಳಗಾಗುತ್ತದೆ. ಇಲ್ಲಿ ನಿಜವನ್ನು ಹೇಳಿದ್ದು ಕಾದಂಬರಿ.

ಕನ್ನಡದ ಓದುಗರಿಗೆ ಹೆಚ್ಚು ಸಮೀಪದ ಬ್ರಿಟಿಷ್ ಪದಕವೊಂದನ್ನು ಇದರ ಪಕ್ಕದಲ್ಲಿ ಇರಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದುದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯು ಮಾಡಿಸಿದ ಪದಕವದು. ಕೆತ್ತಿದವನು ಕ್ಯೂಖ್ಲರ್, ಟಂಕಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆ. ಹಂಚಿಕೆಗೆ 1808ರವರೆಗೆ ಕಾಯಬೇಕಾಯಿತು. ಒಂದು ಬದಿಯಲ್ಲಿ ಸಿಂಹವು ಹುಲಿಯನ್ನು ಕೆಡವುತ್ತಿದೆ, ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ. ಸಿಂಹದ ಮೇಲಿನ ಪತಾಕೆಯಲ್ಲಿ 'ಅಸದುಲ್ಲಾಹ್ ಅಲ್ ಘಾಲಿಬ್' ಎಂಬ ಅರಬ್ಬೀ ಬರಹವಿದೆ. 'ದೇವರ ಸಿಂಹ, ಜಯಶಾಲಿ' ಎಂದು ಅದರ ಅರ್ಥ. ಟಿಪ್ಪು ಸುಲ್ತಾನನೇ ತನ್ನ ಲಾಂಛನಗಳಲ್ಲಿ ಹುಲಿಯ ಮುಖದಾಕಾರದಲ್ಲಿ ಬರೆಸಿಕೊಳ್ಳುತ್ತಿದ್ದ ಮಾತು ಅದು. ಗೆದ್ದವರು ಕೋಟೆಯೊಡನೆ ಬಿರುದನ್ನೂ ಕಸಿದುಕೊಂಡರು. ಈ ಪದಕವು ಹೇಳುವ ಘಟನೆ ನಡೆದದ್ದೇ. ಆದರೆ ಹೇಳುವ ಕ್ರಮದಲ್ಲಿ ಇನ್ನೊಂದು ಬಗೆಯ ಜಯಘೋಷವಿದೆ.

ಲೋಹದ ದೃಷ್ಟಿಯಿಂದಲೂ ಎರಡಕ್ಕೂ ಅಂತರವಿದೆ. ಶ್ರೀರಂಗಪಟ್ಟಣದ ಪದಕವನ್ನು ಪದವಿಗೆ ತಕ್ಕಂತೆ ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು ಮತ್ತು ತವರಗಳಲ್ಲಿ ಮಾಡಲಾಯಿತು. ಸಾಮಾನ್ಯ ಸಿಪಾಯಿಗೆ ದೊರೆತದ್ದು ತವರ. ಈ ಪಟ್ಟಿಯಲ್ಲಿ ಹಿತ್ತಾಳೆ ಇಲ್ಲ. ಆದಕಾರಣ ಹಿತ್ತಾಳೆಯ ಶ್ರೀರಂಗಪಟ್ಟಣ ಪದಕವೆಂದು ಯಾರಾದರೂ ಮಾರಲು ಬಂದರೆ ಅದನ್ನು ಸಂದೇಹದಿಂದಲೇ ನೋಡಬೇಕು. ಸೋಹೋದ ಪದಕದ ಅಗಲ ಸುಮಾರು 48 ಮಿಲಿಮೀಟರ್, ಕಲ್ಕತ್ತೆಯ ಟಂಕಸಾಲೆಯದು ಸುಮಾರು 45. ಒಂದು ಅಳತೆಪಟ್ಟಿ ಕೈಯಲ್ಲಿದ್ದರೆ ಅರ್ಧ ಉತ್ತರ ದೊರೆಯುತ್ತದೆ.

ಇನ್ನು ಬೆಲೆಯ ಮಾತು. ವರ್ನನ್ ಪದಕಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು. ಆದ್ದರಿಂದ ಸುಮಾರು 280 ವರ್ಷ ಹಳೆಯದೆಂಬ ಒಂದೇ ಕಾರಣಕ್ಕೆ ಅವು ನಿಧಿಯಾಗುವುದಿಲ್ಲ. ಸವೆದ, ತೂತು ಬಿದ್ದ ಸಾಮಾನ್ಯ ಪ್ರಭೇದವೊಂದು ಕೆಲವೇ ಹತ್ತು ಪೌಂಡುಗಳಿಗೆ ದೊರೆಯುತ್ತದೆ. ಅಕ್ಷರಗಳೆಲ್ಲ ಸ್ಪಷ್ಟವಾಗಿರುವುದು ನೂರಿನ್ನೂರು ಪೌಂಡುಗಳಿಗೆ ಏರಬಹುದು. ವಿರಳವಾದ ಅಚ್ಚು ಅದನ್ನೂ ದಾಟಬಹುದು. ಮಾರುವವನು ಕೇಳುವ ಬೆಲೆಯನ್ನಲ್ಲ, ಹರಾಜಿನಲ್ಲಿ ವಾಸ್ತವವಾಗಿ ಸಂದ ಬೆಲೆಯನ್ನು ನೋಡಬೇಕೆಂಬುದು ಈ ವ್ಯವಹಾರದ ಮೊದಲ ಪಾಠ. ವಿಪರ್ಯಾಸವೆಂದರೆ, ನಿಜವಾದ ಗೆಲುವನ್ನು ಹೇಳುವ ಪೋರ್ಟೊ ಬೆಲ್ಲೊ ಪದಕಗಳೇ ಹೆಚ್ಚು ಸುಲಭವಾಗಿ ದೊರೆಯುತ್ತವೆ. ನಡೆಯದ ಗೆಲುವನ್ನು ಹೇಳುವ ಕಾರ್ಟಜೀನಾ ಪದಕಗಳಿಗೆ ಆ ಸುಳ್ಳಿನ ಕಾರಣದಿಂದಲೇ ವಿಶೇಷ ಕುತೂಹಲದ ಗಿರಾಕಿಗಳಿದ್ದಾರೆ.

ಕೂಟಶಾಸನಗಳೊಡನೆ ಇದನ್ನು ಹೋಲಿಸುವ ಆಸೆ ಶಾಸನಾಭ್ಯಾಸಿಗಳಿಗೆ ಸಹಜ. ಆದರೆ ಒಂದು ಭೇದವನ್ನು ಮರೆಯಬಾರದು. ಕೂಟಶಾಸನವು ತಾನು ಹೇಳಿಕೊಳ್ಳುವ ಕಾಲದ್ದಲ್ಲ, ವಸ್ತುವೇ ಅಸಲಿಯಲ್ಲ. ಕಾರ್ಟಜೀನಾ ಪದಕವಾದರೋ ತನ್ನ ಕಾಲದ್ದೇ, ತನ್ನ ಲೋಹದ್ದೇ, ನೂರಕ್ಕೆ ನೂರು ಅಸಲಿ. ಲಿಪಿ, ಲೋಹ, ಕಾಲ ಮೂರೂ ಸರಿಯಿದ್ದು ಹೇಳಿಕೆಯೊಂದೇ ಸುಳ್ಳಾಗಿರುವ ಆಧಾರವಿದು. ಅಸಲಿಯೇ ಎಂಬ ಪ್ರಶ್ನೆಯೂ ಸತ್ಯವೇ ಎಂಬ ಪ್ರಶ್ನೆಯೂ ಒಂದೇ ಅಲ್ಲವೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮನದಟ್ಟಾಗದ ವಿಚಾರವನ್ನು ಈ ಬಿಲ್ಲೆ ಒಂದೇ ನೋಟದಲ್ಲಿ ಕಲಿಸುತ್ತದೆ.

ಆದುದರಿಂದ ಇಂಥ ಪದಕವನ್ನು ಸಂಗ್ರಹಕ್ಕೆ ಸೇರಿಸುವವರು ಅದರ ವಿವರಪತ್ರದಲ್ಲಿ ಎರಡು ಅಂಕಣಗಳನ್ನು ಪ್ರತ್ಯೇಕವಾಗಿ ಇರಿಸುವುದು ಉಚಿತ. ಮೊದಲನೆಯದರಲ್ಲಿ ಪದಕದ ಬರಹ, ಅದರ ತಪ್ಪುಗಳೊಡನೆ, ಇದ್ದಂತೆಯೇ. ಎರಡನೆಯದರಲ್ಲಿ ಅದರ ವಿಮರ್ಶೆ: ಹಳೆಯ ಪಂಚಾಂಗದ 1741ರ ಏಪ್ರಿಲ್ 1ರಂದು ನಗರ ಬಿದ್ದಿರಲಿಲ್ಲ, ಏಪ್ರಿಲ್ 9ರ ಲಗ್ಗೆ ವಿಫಲವಾಯಿತು, ಚಿತ್ರದಲ್ಲಿ ಮಂಡಿಯೂರಿರುವವನು ಶರಣಾಗಲಿಲ್ಲ, ಅವನಿಗೆ ಒಂದೇ ಕಾಲಿತ್ತು. ತೂಕ, ಅಗಲ, ಲೋಹ, ಸೂಚಿಯ ಸಂಖ್ಯೆ, ಕೊಂಡ ಬೆಲೆ ಇವುಗಳಿಗೆ ಕೆಳಗೆ ಬೇಕಾದಷ್ಟು ಜಾಗವಿರುತ್ತದೆ.